ರೋಸಿನ ಎಣ್ಣೆಯೂ ನಡುವಿನ ಸೀಟೂ

ಗಲ್ಫಿನಲ್ಲಿ ವರ್ಷಗಟ್ಟಲೆ ಬದುಕಿದ ನಮ್ಮಂಥವರಿಗೆ ವಿಮಾನ ಪ್ರಯಾಣದಲ್ಲಿ ಒಬ್ಬನೇ ವೈರಿ. ಅವನ ಹೆಸರು ಕಿಲೋ. ಊರಿಗೆ ಹೊರಡಲು ಹದಿನೈದು ದಿನ ಇರುವಾಗಲೇ ಮನೆಯ ನಡುವೆ ಪೆಟ್ಟಿಗೆ ಬಾಯಿ ತೆರೆದು ಮಲಗುತ್ತದೆ. ಕೊಕ್ಕೆಯ ತಕ್ಕಡಿ ಹೊರಗೆ ಬರುತ್ತದೆ. ಹಾಲಿನ ಪುಡಿ ಒಳಗೆ ಹೋಗುತ್ತದೆ, ಸಾಬೂನು ಹೊರಗೆ ಬರುತ್ತದೆ, ಯಾರದೋ ಮಗುವಿಗೆ ಯಾರೋ ಕೊಟ್ಟ ಚಪ್ಪಲಿ ಮೂರು ಸಲ ಒಳಗೂ ಹೊರಗೂ ಓಡಾಡುತ್ತದೆ. ಕೊನೆಗೆ ತೂಕ ಮೂವತ್ತಕ್ಕೆ ನಿಂತಾಗ ಮನೆಯವರೆಲ್ಲ ಉಸಿರು ಬಿಡುತ್ತಾರೆ. ತೂಕ ಸರಿ ಇದ್ದರೆ ಪ್ರಪಂಚವೇ ಸರಿ ಇದೆ ಎಂದು ನಂಬಿದವರು ನಾವು. ಈ ನಂಬಿಕೆ ರೋಮ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ಹೇಗೆ ಕೈಬಿಟ್ಟಿತು, ಆಮೇಲೆ ನಾನೇನು ಮಾಡಿದೆ ಎಂಬುದನ್ನು ಬರೆಯಲು ಕೂತಿದ್ದೇನೆ. ಮಾಡಿದ್ದಕ್ಕೆ ನಾಚಿಕೆ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಗಂಡ ಶುವೈಖ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಇಬ್ಬರೂ ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು. ಒಬ್ಬಳೇ ಮಗಳು. ಕುವೈತಿನಲ್ಲೇ ಹುಟ್ಟಿ ಬೆಳೆದಳು, ಮಂಗಳೂರಿನಲ್ಲಿ ನರ್ಸಿಂಗ್ ಓದಿದಳು, ಆಮೇಲೆ ಮಾಲ್ಟಾ ಎಂಬ ಅಂಗೈಯಷ್ಟು ದೇಶದಲ್ಲಿ ಕೆಲಸಕ್ಕೆ ಸೇರಿದಳು. ಮೂರು ವರ್ಷ ಕಳೆದ ಮೇಲೆ ಅಲ್ಲಿಯ ಹುಡುಗನನ್ನೇ ಮದುವೆಯಾಗುತ್ತೇನೆಂದು ಫೋನಿನಲ್ಲಿ ಹೇಳಿದಳು. ಹುಡುಗ ಒಳ್ಳೆಯವನು, ಇಗರ್ಜಿಗೆ ಹೋಗುವವನು. ನಮಗೆ ತಕರಾರಿರಲಿಲ್ಲ.

ತಕರಾರು ಇದ್ದದ್ದು ಗಂಡನ ಅಕ್ಕನಿಗೆ. ಅವರೂ ಕುವೈತಿನಲ್ಲೇ, ಒಂದು ಆಫೀಸಿನಲ್ಲಿ ಕೆಲಸ. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್ ಆಗಬೇಕು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಮನೆಯ ಹಿರಿಯರು ಮೊದಲು ಎಣ್ಣೆಯಲ್ಲಿ ಬೆರಳದ್ದಿ ಅವಳ ಹಣೆಗೆ ಶಿಲುಬೆಯ ಗುರುತು ಹಾಕುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ತಲೆಗೆ ತೆಂಗಿನ ಹಾಲು ಹೊಯ್ಯುತ್ತಾರೆ. ಹೆಂಗಸರು ಹಾಡುತ್ತಾರೆ. ಅದು ಹುಡುಗಿಯಾಗಿ ಅವಳ ಕೊನೆಯ ಸ್ನಾನ. ಅಷ್ಟಾಗದೆ ಅವಳನ್ನು ಇಗರ್ಜಿಗೆ ಕಳಿಸುವುದಿಲ್ಲ.

"ಅಲ್ಲಿ ಎಂತ ರೋಸ್ ಮಾಡ್ಲಿಕ್ಕೆ ಆಗ್ತದೆ? ಯಾರಿದ್ದಾರೆ ಅಲ್ಲಿ?" ಎಂದರು ಅವರು, ನಮ್ಮ ಮನೆಯಲ್ಲೇ ಕೂತು, ನಾನು ಮಾಡಿದ ಚಹಾವನ್ನೇ ಕುಡಿಯುತ್ತ. "ರೋಸ್ ಇಲ್ಲದ ಮೇಲೆ ಅದನ್ನು ಸುಮ್ಮನೆ ರಿಜಿಸ್ಟ್ರೇಶನ್ ಅಂತ ಹೇಳುದು ಒಳ್ಳೇದು, ಮದುವೆ ಅಂತ ಯಾಕೆ?"

ನನಗೆ ಮೈಯೆಲ್ಲ ಉರಿಯಿತು. "ಮಾಡ್ತೇನೆ ನೋಡಿ," ಎಂದೆ. "ನಾನೊಬ್ಬಳೇ ಇದ್ದರೂ ಮಾಡ್ತೇನೆ."

ಒಬ್ಬಳೇ ಹೋಗಬೇಕಾದದ್ದು ನಿಜವೇ. ಗಂಡನ ಇಕಾಮಾ, ಎಂದರೆ ಕುವೈತಿನಲ್ಲಿ ಇರಲು ಬೇಕಾದ ಪರವಾನಗಿ, ಮುಗಿದು ನವೀಕರಣಕ್ಕೆ ಹೋಗಿತ್ತು. ಪಾಸ್‌ಪೋರ್ಟು ಕಂಪನಿಯ ಕಾಗದಪತ್ರ ನೋಡಿಕೊಳ್ಳುವವನ ಕೈಯಲ್ಲಿತ್ತು, ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ, ನಾಳೆ. ಮದುವೆ ನಡೆಸದ ತಪಸ್ಸು ಕಾಲಕ್ಕೆ ಮುಂಚೆ ಅಲ್ಲಿಯ ಇಗರ್ಜಿಯಲ್ಲಿ ಮದುವೆಗೆ ಸಿಕ್ಕಿದ ದಿನ ಒಂದೇ. ನನಗೆ ಸಿಕ್ಕಿದ ರಜೆ ಐದು ದಿನ. ಹಾಗಾಗಿ ಮದುವೆಯ ಮುನ್ನಾದಿನ ಮಧ್ಯಾಹ್ನ ಇಳಿಯುವುದು, ಅಂದೇ ಸಂಜೆ ರೋಸ್ ಎಂದು ತೀರ್ಮಾನವಾಯಿತು.

ಊರಿನಲ್ಲಿ ತಮ್ಮನ ಮನೆಯಲ್ಲಿರುವ ಅಮ್ಮನಿಗೆ ಎಂಬತ್ತು ದಾಟಿದೆ. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಬಾಯಿ ಮಾತ್ರ ವಾಡೆಯ ಮನೆಗಳಿಗೆಲ್ಲ ಕೇಳಿಸುತ್ತದೆ. ರೋಸಿನಲ್ಲಿ ಮೊದಲ ಬೆರಳು ಅಜ್ಜಿಯದು. ತನಗೆ ಬರಲಾಗುವುದಿಲ್ಲ ಎಂದು ಗೊತ್ತಾದದ್ದೇ ಅವಳು ಹಿತ್ತಿಲಿನ ತೆಂಗಿನಕಾಯಿ ಆರಿಸಿ, ಒಡೆಸಿ, ಅಂಗಳದಲ್ಲಿ ಒಣಗಿಸಿ, ಕಾಗೆ ಓಡಿಸುತ್ತ ಕಾದು ಕೂತು, ಕೊಬ್ಬರಿಯನ್ನು ಎಣ್ಣೆ ಮಿಲ್ಲಿಗೆ ಕಳಿಸಿದಳು. ಅದರಲ್ಲಿ ಕಾಲು ಲೀಟರನ್ನು ತೆಗೆದಿಟ್ಟು, ರಜೆ ಮುಗಿಸಿ ಕುವೈತಿಗೆ ಮರಳುತ್ತಿದ್ದ ನಮ್ಮ ವಾರ್ಡಿನ ನರ್ಸ್ ಒಬ್ಬಳ ಪೆಟ್ಟಿಗೆಗೆ ಸೇರಿಸಿದಳು.

"ಬಾಟ್ಲಿಯಲ್ಲಿ ಹಾಕಲಿಲ್ಲ," ಎಂದಳು ಫೋನಿನಲ್ಲಿ. "ಚಳಿಗೆ ಎಣ್ಣೆ ಗಟ್ಟಿಯಾದರೆ ಬಾಟ್ಲಿಯ ಬಾಯಿಯಿಂದ ಬರುದಿಲ್ಲ. ಉಪ್ಪಿನಕಾಯಿಯ ಪ್ಲಾಸ್ಟಿಕ್ ಭರಣಿಯಲ್ಲಿ ಉಂಟು. ನನ್ನ ಕೈ ಅಲ್ಲಿಗೆ ಬರುದಿಲ್ಲ, ಎಣ್ಣೆಯಾದರೂ ಮಗುವಿನ ಹಣೆಗೆ ಮುಟ್ಟಲಿ. ಬೇರೆ ಎಣ್ಣೆ ಹಾಕಿದರೆ ನನಗೆ ಗೊತ್ತಾಗ್ತದೆ."

ಹೇಗೆ ಗೊತ್ತಾಗುತ್ತದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಈ ಎಣ್ಣೆಗೂ ನಮ್ಮ ಮನೆಗೂ ಒಂದು ಹಳೆಯ ಕತೆ ಇದೆ. ನಾನು ಕುವೈತಿಗೆ ಬಂದ ಮೊದಲ ತಿಂಗಳೇ ವಾರ್ಡಿನ ಮುಖ್ಯಸ್ಥೆ ನನ್ನನ್ನು ಪಕ್ಕಕ್ಕೆ ಕರೆದು, ತಲೆಯ ಎಣ್ಣೆಯ ವಾಸನೆ ರೋಗಿಗಳಿಗೆ ಹಿಡಿಸುವುದಿಲ್ಲ, ನಾಳೆಯಿಂದ ತೊಳೆದುಕೊಂಡು ಬಾ ಎಂದಳು. ಅದೇ ವಾರ್ಡಿನಲ್ಲಿ ಊದಿನ ಹೊಗೆ ಹಾಕಿಕೊಂಡು ಬಂದವರಿದ್ದರು, ತಲೆತಿರುಗುವಷ್ಟು ಸೆಂಟು ಸುರಿದುಕೊಂಡವರಿದ್ದರು. ಅದೆಲ್ಲ ಪರಿಮಳ, ನನ್ನದು ಮಾತ್ರ ವಾಸನೆ. ಹೊಸಬಳು, ಬಾಯಿ ಮುಚ್ಚಿಕೊಂಡೆ. ಇಪ್ಪತ್ತೆಂಟು ವರ್ಷ ಡ್ಯೂಟಿಯ ದಿನ ತಲೆಗೆ ಎಣ್ಣೆ ಮುಟ್ಟಿಸಲಿಲ್ಲ. ಆ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಮಗಳು ಎರಡನೆಯ ಕ್ಲಾಸಿನಲ್ಲಿದ್ದಾಗ ನಾನು ಅವಳಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳಿಸುತ್ತಿದ್ದೆ. ಒಂದು ದಿನ ಸ್ಕೂಲ್ ಬಸ್ಸಿನಿಂದ ಇಳಿದವಳೇ ಸೀದಾ ಬಚ್ಚಲಿಗೆ ಹೋಗಿ, ಯೂನಿಫಾರ್ಮಿನಲ್ಲೇ ತಲೆಗೆ ಶಾಂಪೂ ಸುರಿದುಕೊಂಡು ಅಳುತ್ತ ನಿಂತಿದ್ದಳು. ಬಸ್ಸಿನ ಮಕ್ಕಳು ಅವಳ ಪಕ್ಕ ಯಾರೂ ಕೂರಬೇಡಿ ಎಂದಿದ್ದರಂತೆ. "ನೋ ಆಯಿಲ್, ಮಮ್ಮಿ. ನೆವರ್," ಎಂದಳು. ಅಂದಿನಿಂದ ಅವಳ ತಲೆಗೆ ನಾನು ಎಣ್ಣೆ ಹಚ್ಚಿಲ್ಲ. ರೋಸಿನ ಸುದ್ದಿ ಎತ್ತಿದಾಗಲೂ ಅವಳು ಮೊದಲು ಕೇಳಿದ್ದು, ಎಣ್ಣೆ ಬೇಕೇ ಬೇಕಾ ಎಂದು. ಹಣೆಗೆ ಒಂದು ಬೆರಳಷ್ಟೇ ಎಂದು ನಾನು ಮಾತು ಕೊಟ್ಟೆ.

ಟಿಕೆಟು ಅವಳೇ ಮಾಡಿಸಿದಳು. ಕುವೈತಿನಿಂದ ರೋಮಿಗೆ ದೊಡ್ಡ ವಿಮಾನ, ರೋಮಿನಿಂದ ಮಾಲ್ಟಾಕ್ಕೆ ಬೇರೆ ಕಂಪನಿಯ ಅಗ್ಗದ ವಿಮಾನ, ಒಂದೂವರೆ ಗಂಟೆಯ ದಾರಿ. "ಅದರಲ್ಲಿ ಒನ್ ಸ್ಮಾಲ್ ಬ್ಯಾಗ್ ಓನ್ಲಿ, ಮಮ್ಮಿ. ಸೀಟಿನ ಕೆಳಗೆ ಫಿಟ್ ಆಗ್ಬೇಕು. ಸೂಟ್‌ಕೇಸ್ ತರ್ಬೇಡ, ಪ್ಲೀಸ್."

ಸ್ಟೋರ್‌ಕೀಪರಿಗೆ ಇಂಥ ಸವಾಲು ಕೊಡಬಾರದು. ಗಂಡ ಗೋದಾಮಿನಿಂದ ಅಳತೆ ಪಟ್ಟಿ ತಂದು ಬ್ಯಾಗಿನ ಉದ್ದ ಅಗಲ ಎತ್ತರ ಅಳೆದರು, ಚಕ್ರಗಳನ್ನು ಕಿತ್ತರು. ಕೊಕ್ಕೆಗೆ ತೂಗಿಸಿ ತೂಗಿಸಿ ಏಳು ಕಿಲೋಗೆ ತಂದರು. ಎಣ್ಣೆಯ ಭರಣಿಗೆ ಮೊದಲು ಒಂದು ಪ್ಲಾಸ್ಟಿಕ್, ಅದರ ಮೇಲೆ ಕಂದು ಟೇಪು, ಮೇಲೊಂದು ಟವೆಲು, ಮತ್ತೆ ಟೇಪು. ತಾನು ಹೋಗಲಾಗದ ದುಃಖವನ್ನೆಲ್ಲ ಆ ಮನುಷ್ಯ ಟೇಪಿನಲ್ಲಿ ಸುತ್ತಿದರು. "ಖಲಾಸ್," ಎಂದರು ಕೊನೆಗೆ. "ಇನ್ನು ವಿಮಾನ ತಲೆಕೆಳಗಾದರೂ ಒಂದು ಹನಿ ಹೊರಗೆ ಬರ್ಲಿಕ್ಕಿಲ್ಲ."

ಕುವೈತಿನಲ್ಲಿ ಆ ಚಿಕ್ಕ ಬ್ಯಾಗನ್ನೂ ಕೌಂಟರಿನಲ್ಲೇ ಹಾಕಿದೆ. ಮೂವತ್ತು ಕಿಲೋ ಇರುವಾಗ ಕೈಯಲ್ಲಿ ಯಾಕೆ ಹೊರುವುದು ಎಂಬ ನಮ್ಮ ಹಳೆಯ ಚಾಳಿ. ಎಣ್ಣೆ ವಿಮಾನದ ಹೊಟ್ಟೆಯಲ್ಲಿ ಹಾಯಾಗಿ ಪ್ರಯಾಣ ಮಾಡಿತು. ರೋಮಿನಲ್ಲಿ ಪಾಸ್‌ಪೋರ್ಟಿನ ಸಾಲು ಹಾವಿನಂತೆ ಸುತ್ತಿ ಸುತ್ತಿ ಒಂದೂವರೆ ಗಂಟೆ ತಿಂದಿತು. ಬ್ಯಾಗು ಎತ್ತಿಕೊಂಡು ಮುಂದಿನ ವಿಮಾನಕ್ಕೆ ಓಡಿದೆ. ತಪಾಸಣೆಯ ಪಟ್ಟಿಯ ಮೇಲೆ ಬ್ಯಾಗನ್ನು ಇಟ್ಟು, ಅದು ಯಂತ್ರದೊಳಗೆ ಹೋಗಿ, ಅಲ್ಲೇ ನಿಂತು, ಹಿಂದಕ್ಕೆ ಬಂದು, ಮತ್ತೆ ಒಳಗೆ ಹೋದಾಗಲೂ ನನಗೆ ಹೊಳೆಯಲಿಲ್ಲ. ಬ್ಯಾಗು ಏಳು ಕಿಲೋ ಇತ್ತಲ್ಲ, ನನಗೆ ಇನ್ನೇನು ಭಯ?

ಅಲ್ಲಿಯ ಅಧಿಕಾರಿ ಎಳೆಯ ಪ್ರಾಯದವನು, ಗಡ್ಡವನ್ನು ಚೆನ್ನಾಗಿ ಕತ್ತರಿಸಿಕೊಂಡಿದ್ದ. ಭರಣಿಯ ಗಂಟನ್ನು ಹೊರಗೆ ತೆಗೆದು ನನ್ನ ಗಂಡನ ಟೇಪಿನ ಜೊತೆ ಐದು ನಿಮಿಷ ಗುದ್ದಾಡಿದ. ಕೊನೆಗೆ ಕತ್ತರಿ ತರಿಸಿದ. ಭರಣಿ ಹೊರಬಂದಾಗ ಅವನ ಹಣೆಯಲ್ಲಿ ಬೆವರಿತ್ತು.

"ದ್ರವ ಪದಾರ್ಥ. ನೂರು ಎಂ.ಎಲ್.ಗಿಂತ ಜಾಸ್ತಿ ಬಿಡುವುದಿಲ್ಲ," ಎಂದ ಇಂಗ್ಲಿಷಿನಲ್ಲಿ, ಪಕ್ಕದ ದೊಡ್ಡ ಡಬ್ಬಿ ತೋರಿಸುತ್ತ. ಅದರಲ್ಲಿ ನೀರಿನ ಬಾಟಲಿಗಳು, ಶಾಂಪೂಗಳು, ಯಾರದೋ ಜಾಮು ಬಿದ್ದಿದ್ದವು.

ಆಗ ನನ್ನ ತಲೆಗೆ ಬಡಿದಂತಾಯಿತು. ಈ ನಿಯಮ ಗೊತ್ತಿಲ್ಲದವಳೇನಲ್ಲ ನಾನು. ಆದರೆ ಇಷ್ಟು ವರ್ಷ ನಮ್ಮ ಎಣ್ಣೆ, ಉಪ್ಪಿನಕಾಯಿ, ತುಪ್ಪ ಎಲ್ಲ ಪೆಟ್ಟಿಗೆಯಲ್ಲೇ ಹೋಗಿತ್ತು. ಕಿಲೋ ನೋಡುವುದರಲ್ಲೇ ಮುಳುಗಿ ಮಿಲಿಲೀಟರ್ ಎಂಬ ಇನ್ನೊಬ್ಬ ವೈರಿ ಇದ್ದಾನೆಂಬುದನ್ನೇ ಮರೆತಿದ್ದೆವು, ಗಂಡ ಹೆಂಡತಿ ಇಬ್ಬರೂ.

"ಇದು ದ್ರವ ಅಲ್ಲ," ಎಂದೆ. ಭರಣಿಯನ್ನು ಅವನ ಕೈಯಿಂದ ತೆಗೆದುಕೊಂಡು ತಲೆಕೆಳಗೆ ಹಿಡಿದೆ. ಚಳಿಗೆ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿತ್ತು, ಅಲುಗಲಿಲ್ಲ. "ನೋಡಿ. ಎಲ್ಲಿ ಹರಿಯುತ್ತದೆ?"

ಅವನು ತಬ್ಬಿಬ್ಬಾದ. ಪಕ್ಕದವಳನ್ನು ಕರೆದ. ಅವಳು ಭರಣಿಯನ್ನು ಅಲ್ಲಾಡಿಸಿ ನೋಡಿದಳು, ಮೂಸಿದಳು, ಬೆಣ್ಣೆಯಂಥದ್ದೂ ದ್ರವದ ಲೆಕ್ಕಕ್ಕೇ ಬರುತ್ತದೆ ಎಂದು ತೀರ್ಪು ಕೊಟ್ಟಳು. ಹಿಂದೆ ಹೋಗಿ ಲಗೇಜಿಗೆ ಹಾಕಬಹುದಲ್ಲ ಎಂದೆ. ನನ್ನ ವಿಮಾನದ ಕೌಂಟರು ಆಗಲೇ ಮುಚ್ಚಿತ್ತು. ಚಿಕ್ಕ ಬಾಟಲಿಯಲ್ಲಿ ನೂರು ಎಂ.ಎಲ್. ಒಯ್ಯುತ್ತೇನೆ ಎಂದೆ. ಒಯ್ಯಬಹುದು, ಆದರೆ ಬಾಟಲಿ ಎಲ್ಲಿ? ಅಂಗಡಿಗಳಿದ್ದದ್ದು ತಪಾಸಣೆಯ ಆಚೆ ಬದಿಯಲ್ಲಿ. ನನ್ನ ಬ್ಯಾಗಿನಲ್ಲಿ ಒಂದು ಟೂತ್‌ಪೇಸ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಕಿಲೋ ಉಳಿಸಲು ಎಲ್ಲವನ್ನೂ ಕುವೈತಿನಲ್ಲೇ ಇಳಿಸಿದ್ದೆವು.

"ಇದು ನನ್ನ ಮಗಳ ಮದುವೆಗೆ, ನನ್ನ ತಾಯಿ ಕಳಿಸಿದ್ದು," ಎಂದೆ. ಬೇಡುವ ದನಿ ಬಂದುಬಿಟ್ಟಿತು. ಅದು ನನಗೆ ಇಷ್ಟವಾಗಲಿಲ್ಲ.

ಹುಡುಗ ಕೆಟ್ಟವನಲ್ಲ, ಮುಖ ಸಣ್ಣದು ಮಾಡಿದ. "ಕ್ಷಮಿಸಿ, ಮೇಡಂ. ನೀರಾಗಿದ್ದರೆ ಇಲ್ಲೇ ಕುಡಿದು ಮುಗಿಸಿ ಎನ್ನಬಹುದಿತ್ತು."

ಆ ಮಾತು ಕಿವಿಗೆ ಬಿದ್ದದ್ದೇ ಸಾಕಾಯಿತು. ನನ್ನ ಅಮ್ಮ ಕಾಗೆ ಓಡಿಸಿ ಕಾದ ಎಣ್ಣೆ ಯಾರದೋ ಜಾಮಿನ ಮೇಲೆ ಬೀಳುವುದೇ? ಸಾಧ್ಯವಿಲ್ಲ ಎಂದುಕೊಂಡೆ. ಭರಣಿ ಎತ್ತಿಕೊಂಡು, ಬೂಟು ಹಾಕಿಕೊಳ್ಳಲು ಇಟ್ಟಿದ್ದ ಬೆಂಚಿನ ಮೇಲೆ ಕೂತೆ. ಕ್ಲಿಪ್ಪು ತೆಗೆದು ಕೂದಲು ಬಿಚ್ಚಿದೆ. ನನ್ನ ಕೂದಲು ಈಗಲೂ ಸೊಂಟದವರೆಗಿದೆ. ಭರಣಿಗೆ ಕೈ ಹಾಕಿ, ಒಂದು ಮುಷ್ಟಿ ಎಣ್ಣೆ ತೆಗೆದು, ನೆತ್ತಿಯ ಮೇಲಿಟ್ಟು ಒತ್ತಿದೆ.

ಅಂಗೈಯ ಬಿಸಿಗೆ ಎಣ್ಣೆ ಕರಗತೊಡಗಿತು. ಮುಷ್ಟಿ ಮುಷ್ಟಿ ತೆಗೆದೆ, ಬುಡಕ್ಕೆ ಹಾಕಿದೆ, ನಡುವಿಗೆ ಹಾಕಿದೆ, ತುದಿಯವರೆಗೆ ಎಳೆದೆ. ಕೊಬ್ಬರಿಯ ಪರಿಮಳ ಆ ಇಡೀ ತಪಾಸಣೆಯ ಜಾಗವನ್ನು ತುಂಬಿತು. ಬೆಲ್ಟು ಬಿಚ್ಚುತ್ತಿದ್ದವರು ನಿಂತು ನೋಡಿದರು. ಒಬ್ಬ ಫೋನು ಎತ್ತಿದ, ನಾನು ವಾರ್ಡಿನಲ್ಲಿ ರೋಗಿಯ ಕಡೆಯವರನ್ನು ನೋಡುವ ನೋಟದಲ್ಲಿ ನೋಡಿದೆ, ಇಳಿಸಿದ. ಇಪ್ಪತ್ತೆಂಟು ವರ್ಷ ಯಾರ ಮೂಗಿಗೂ ತಾಗದಂತೆ ಬದುಕಿದ್ದೆ. ಅಂದು ತಾಗಲಿ ಎನ್ನಿಸಿತು, ಎಲ್ಲರ ಮೂಗಿಗೂ ತಾಗಲಿ. ಹೇಳಬಾರದು, ನನಗೆ ಖುಷಿಯಾಗುತ್ತಿತ್ತು.

ಬೆರಳು ಹಾಕಿ ಭರಣಿಯ ತಳವನ್ನೂ ಬಳಿದೆ. ಕಾಲು ಲೀಟರು ನನ್ನ ತಲೆ ಸೇರಿತು. ಬಿಗಿಯಾಗಿ ಜಡೆ ಹೆಣೆದು, ಸುತ್ತಿ ಗಂಟು ಕಟ್ಟಿ, ಕ್ಲಿಪ್ಪು ಸಿಕ್ಕಿಸಿದೆ. ಖಾಲಿ ಭರಣಿಯನ್ನು ನಾನೇ ಡಬ್ಬಿಗೆ ಹಾಕಿದೆ. ಅವರಿಗೆ ಸಿಗಬೇಕಾದ್ದು ಅಷ್ಟೇ.

"ಈಗ?" ಎಂದೆ ಹುಡುಗನಿಗೆ.

ಅವನು ಪಕ್ಕದವಳ ಮುಖ ನೋಡಿದ. ತಲೆಯ ಮೇಲಿನ ಎಣ್ಣೆಗೆ ಅವರ ಪುಸ್ತಕದಲ್ಲಿ ಯಾವ ನಿಯಮವೂ ಇದ್ದಂತಿರಲಿಲ್ಲ. ಹೋಗಿ ಎಂದು ಕೈ ಮಾಡಿದ.

ವಿಮಾನದ ಬಾಗಿಲ ಹತ್ತಿರ ಬ್ಯಾಗು ತುರುಕಿ ನೋಡಲು ಕಬ್ಬಿಣದ ಗೂಡು ಇತ್ತು. ನನ್ನ ಬ್ಯಾಗು ಅಳೆದಿಟ್ಟಂತೆ ಒಳಗೆ ಇಳಿಯಿತು. ಅಳೆದೇ ಇಟ್ಟಿದ್ದಲ್ಲವೇ. ಒಳಗೆ ನನ್ನ ಸೀಟು ಮೂರರಲ್ಲಿ ನಡುವಿನದು. ಸೀಟೆಂದರೆ ಹಿಂದಕ್ಕೆ ಬಾಗದ, ಮುಂದೆ ಮೊಣಕಾಲಿಗೆ ಜಾಗವಿಲ್ಲದ, ಕುವೈತಿನ ಮಹಬೂಲಾ ಕಡೆಯ ಬಸ್ಸೇ ವಾಸಿ ಎನ್ನಿಸುವ ಒಂದು ಹಲಗೆ. ನೀರು ಬೇಕಿದ್ದರೂ ಕೊಳ್ಳಬೇಕು. ಕಿಟಕಿಯ ಬದಿ ಒಬ್ಬ ಹೆಂಗಸು, ಕೊರಳಿಗೆ ರೇಷ್ಮೆಯ ಸ್ಕಾರ್ಫು. ಈ ಬದಿ ಒಬ್ಬ ಮುದುಕರು, ಕೈ ನೋಡಿದರೆ ಮಣ್ಣಿನ ಕೆಲಸದವರು.

ಕೂತ ಕ್ಷಣ ಒಂದು ಸಂಗತಿ ಹೊಳೆಯಿತು. ತಲೆ ಹಿಂದಕ್ಕೆ ಒರಗಿಸಿದರೆ ಅಮ್ಮನ ಎಣ್ಣೆ ಸೀಟಿಗೆ ಹೋಗುತ್ತದೆ. ಹಾಗಾಗಿ ಬೆನ್ನು ನೆಟ್ಟಗೆ ಮಾಡಿ, ಕತ್ತು ಮುಂದಕ್ಕಿಟ್ಟು ಕೂತೆ. ವಿಮಾನ ಮೇಲೇರುವಾಗ ಎಲ್ಲರ ತಲೆ ಹಿಂದಕ್ಕೆ ಹೋಯಿತು, ನಾನು ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡಿದು ತಡೆದೆ. ಮೈಯ ಕಾವಿಗೆ ಎಣ್ಣೆ ಪೂರ್ತಿ ಕರಗಿ ಕಿವಿಯ ಹಿಂದೆ, ಕತ್ತಿಗೆ ಇಳಿಯತೊಡಗಿತು. ಇಳಿದದ್ದನ್ನು ಬೆರಳಿನಿಂದ ಹಿಡಿದು ಮತ್ತೆ ಮೇಲಕ್ಕೆ ಹಚ್ಚುತ್ತಿದ್ದೆ.

ಸ್ಕಾರ್ಫಿನವಳು ಮೊದಲು ಕೆಮ್ಮಿದಳು, ಆಮೇಲೆ ಸ್ಕಾರ್ಫನ್ನು ಮೂಗಿಗೆ ಎಳೆದುಕೊಂಡಳು, ಆಮೇಲೆ ಗುಂಡಿ ಒತ್ತಿ ಪರಿಚಾರಿಕೆಯನ್ನು ಕರೆದಳು. ಬೇರೆ ಸೀಟು ಬೇಕು, ಇಲ್ಲಿ ವಾಸನೆ ಇದೆ ಎಂದು ನನ್ನ ಮುಖದ ಮುಂದೆಯೇ ಇಂಗ್ಲಿಷಿನಲ್ಲಿ ಹೇಳಿದಳು. ವಿಮಾನ ಭರ್ತಿಯಾಗಿದೆ ಎಂದು ಪರಿಚಾರಿಕೆ ನನ್ನತ್ತ ನೋಡಿದಳು, ನಾನು ಕ್ಷಮೆ ಕೇಳಲಿ ಎಂಬಂತೆ.

ಹಿಂದಿನ ನಾನಾಗಿದ್ದರೆ ಕೇಳುತ್ತಿದ್ದೆ. "ಇದು ತೆಂಗಿನ ಎಣ್ಣೆ," ಎಂದೆ. "ನಿಮ್ಮ ಸೆಂಟಿನ ವಾಸನೆ ನನಗೂ ಬರ್ತಾ ಉಂಟು. ನಾನು ಯಾರನ್ನೂ ಕರೆದಿಲ್ಲ." ಅರ್ಧ ಇಂಗ್ಲಿಷು, ಅರ್ಧ ನಮ್ಮ ಭಾಷೆಯಲ್ಲಿ ಬಂದುಬಿಟ್ಟಿತು. ಅರ್ಥ ಮಾತ್ರ ಪೂರ್ತಿ ಆದಂತಿತ್ತು. ಅವಳು ಕಿಟಕಿಯ ಕಡೆ ತಿರುಗಿದಳು.

ಮುದುಕರು ನನ್ನ ತಲೆ ನೋಡಿ ತಮ್ಮ ಮಾಲ್ಟಾದ ಭಾಷೆಯಲ್ಲಿ ಏನೋ ಕೇಳಿದರು. ಅದರಲ್ಲಿ 'ಜೈತ್' ಎಂಬ ಮಾತಿತ್ತು. ಕುವೈತಿನ ಅರಬರೂ ಎಣ್ಣೆಗೆ ಅದನ್ನೇ ಹೇಳುತ್ತಾರೆ. ನಾನು ಹೌದು ಎಂದೆ, ನನಗೆ ಬರುವ ಆಸ್ಪತ್ರೆಯ ಅರಬಿಯಲ್ಲಿ ಮಗಳು, ಮದುವೆ, ಅಮ್ಮ ಎಂಬ ಮೂರು ಶಬ್ದ ಸೇರಿಸಿದೆ. ಅವರಿಗೆ ಎಷ್ಟು ತಿಳಿಯಿತೋ. ಜೇಬಿನಿಂದ ಒಗೆದು ಮಡಿಸಿದ ಕರ್ಚೀಫು ತೆಗೆದು ಕೊಟ್ಟರು. ಎಣ್ಣೆ ಒರೆಸಲಿಕ್ಕೆಂದು ಕೊಟ್ಟಿರಬೇಕು. ನಾನದನ್ನು ಒರೆಸಲು ಬಳಸಲಿಲ್ಲ, ಒಂದು ಹನಿಯೂ ಕೆಳಗಿಳಿಯದಂತೆ ಕತ್ತಿನ ಸುತ್ತ ಕಟ್ಟಿಕೊಂಡೆ. ಒಂದೂವರೆ ಗಂಟೆ ಹಾಗೆಯೇ ಕೂತಿದ್ದೆ. ಇಳಿಯುವಾಗ ಕತ್ತು ಮರಗಟ್ಟಿತ್ತು, ನನ್ನ ಸೀಟಿನ ಬೆನ್ನಿಗೆ ಮಾತ್ರ ಎಣ್ಣೆ ತಾಗಿರಲಿಲ್ಲ.

ಮಗಳು ಹೊರಗೆ ಕಾಯುತ್ತಿದ್ದಳು. ಓಡಿ ಬಂದು ತಬ್ಬಿದವಳು ಒಮ್ಮೆಲೇ ಹಿಂದೆ ಸರಿದು ನನ್ನ ತಲೆ ನೋಡಿದಳು. "ಮಮ್ಮಿ, ವಾಟ್ ಈಸ್ ದಿಸ್?" ಎಂದಳು. ಸ್ಕೂಲ್ ಬಸ್ಸಿನ ಆ ಮಗುವಿನ ಮುಖವೇ. ಕಾರಿನಲ್ಲಿ ಎಲ್ಲ ಹೇಳಿದೆ. ಅವಳು ಗಾಡಿ ಓಡಿಸುತ್ತ, ನಾನು ಕಾರಿನ ಸೀಟಿಗೂ ಒರಗದೆ ಕೂತದ್ದನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು.

ಸಂಜೆ ಆರಕ್ಕೆ ಅವಳ ಫ್ಲ್ಯಾಟಿನ ಬಚ್ಚಲಿನಲ್ಲಿ ರೋಸ್. ಮಣೆಯ ಬದಲು ಪ್ಲಾಸ್ಟಿಕ್ ಸ್ಟೂಲು, ತೆಂಗಿನ ಹಾಲು ಅಂಗಡಿಯ ಡಬ್ಬದ್ದು. ಹುಡುಗನ ತಾಯಿ ಸೆರಗಿಲ್ಲದ ತಮ್ಮ ಫ್ರಾಕಿಗೆ ಒಂದು ಶಾಲು ಸಿಕ್ಕಿಸಿಕೊಂಡು, ಏನು ಮಾಡಬೇಕೋ ತೋರಿಸಿ ಎಂದು ನಿಂತರು. ಫೋನನ್ನು ಕನ್ನಡಿಗೆ ಆನಿಸಿ ಇಟ್ಟೆವು. ಒಂದು ಚೌಕದಲ್ಲಿ ಕುವೈತಿನಿಂದ ಗಂಡ, ಇನ್ನೊಂದರಲ್ಲಿ ಊರಿನಿಂದ ಅಮ್ಮ.

ಅಮ್ಮನ ಕಣ್ಣು ಮೊದಲು ಹುಡುಕಿದ್ದು ಭರಣಿಯನ್ನು. "ನನ್ನ ಎಣ್ಣೆ ಎಲ್ಲಿ?"

"ವಿಮಾನದವರು ಬಿಡಲಿಲ್ಲ."

"ಬಿಸಾಡಿದಿಯಾ?"

"ಇಲ್ಲ. ನನ್ನ ತಲೆಯಲ್ಲಿ ಉಂಟು," ಎಂದು ಜಡೆ ಬಿಚ್ಚಿ ತೋರಿಸಿದೆ.

ಗಂಡ ಅಲ್ಲಿ ಕನ್ನಡಕ ತೆಗೆದು ಒರೆಸುತ್ತಿದ್ದರು. ಆಮೇಲೆ ಅಮ್ಮ, "ಹಾಗಾದರೆ ನೀನು ತಲೆ ಬಗ್ಗಿಸು. ಮಗು ನೋಡಲಿ, ಅಲ್ಲಿಂದಲೇ ತೆಗೆ," ಎಂದಳು, ಅಡುಗೆಮನೆಯಲ್ಲಿ ಉಪ್ಪು ಎಲ್ಲಿದೆ ಎಂದು ಹೇಳುವ ದನಿಯಲ್ಲಿ.

ತಲೆ ಬಗ್ಗಿಸಿದೆ. ಕೂದಲನ್ನು ಬುಡದಿಂದ ಹಿಂಡಿದೆ. ಹೆಬ್ಬೆರಳು ಒದ್ದೆಯಾಯಿತು, ಅಂಗೈಯೂ ಆಯಿತು. ಮಗಳ ಹಣೆಗೆ ಶಿಲುಬೆ ಹಾಕಿ, "ಇದು ಅಜ್ಜಿಯ ಕೈ," ಎಂದೆ. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲು ಪ್ರಯತ್ನಿಸಲೂ ಇಲ್ಲ. ಕೊಟ್ಟ ಮಾತಿನಂತೆ ಕೈ ಹಿಂದಕ್ಕೆ ತೆಗೆದೆ. ಮಗಳು ನನ್ನ ಮಣಿಕಟ್ಟು ಹಿಡಿದಳು.

"ತಲೆಗೂ ಹಾಕು, ಮಮ್ಮಿ," ಎಂದಳು. "ಪೂರಾ."

ನನ್ನ ಕೂದಲಿನಿಂದ ಅವಳ ಕೂದಲಿಗೆ ಎಣ್ಣೆ ಇಳಿಸುತ್ತ ಇಳಿಸುತ್ತ ಅರ್ಧ ಗಂಟೆ ಹೋಯಿತು. ಮೇಲೆ ತೆಂಗಿನ ಹಾಲು ಹೊಯ್ದು, ಬಿಸಿನೀರಿನಲ್ಲಿ ಮೀಯಿಸಿದೆವು. ನೀರಿಗೆ ಹೋಗುವ ಎಣ್ಣೆಯಲ್ಲ ಅದು.

ಮರುದಿನ ಬೆಳಿಗ್ಗೆ ಕೂದಲು ಕಟ್ಟಲು ಬಂದ ಹುಡುಗಿ, ಇದು ಹೀಗಿದ್ದರೆ ನಿಲ್ಲುವುದಿಲ್ಲ, ಮೊದಲು ಎರಡು ಸಲ ಶಾಂಪೂ ಹಾಕಬೇಕು ಎಂದು ಬಾಟಲಿ ತೆಗೆದಳು. ಮಗಳು ಬಾಟಲಿಯ ಮುಚ್ಚಳ ಹಾಕಿ ಅವಳ ಕೈಗೆ ವಾಪಸು ಕೊಟ್ಟಳು. "ಇಟ್ ಸ್ಟೇಸ್," ಎಂದಳು. ಹಿಂದಕ್ಕೆ ಬಾಚಿ, ಹೆರಳು ಕಟ್ಟಿ, ಎಣ್ಣೆ ಮಿಂಚುವ ತಲೆಯಲ್ಲೇ ಅವಳು ಇಗರ್ಜಿಯ ನಡುವೆ ನಡೆದು ಹೋದಳು. ಅವಳು ಹಾದುಹೋದ ಪ್ರತಿ ಬೆಂಚಿನವರೂ ತಿರುಗಿ ನೋಡಿದರು.

ಫೋಟೋ ನೋಡಿದ ಗಂಡನ ಅಕ್ಕ, ಪಾರ್ಲರಿನವರು ಸಿಗಲಿಲ್ಲವಾ, ತಲೆ ಯಾಕೆ ಹಾಗೆ ಅಂಟಿಕೊಂಡಿದೆ ಎಂದು ಕೇಳಿದರು. "ರೋಸ್ ಆಗಿತ್ತಲ್ಲ, ಅದಕ್ಕೆ," ಎಂದೆ.

ಕುವೈತಿಗೆ ಮರಳಿ ಬಂದ ಮೇಲಿನ ಮೊದಲ ಭಾನುವಾರ, ಅಲ್ಲಿಯ ವಾರದ ಮೊದಲ ಡ್ಯೂಟಿಯ ದಿನ, ಬೆಳಿಗ್ಗೆ ನಾನು ಬೇಗ ಎದ್ದೆ. ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಬಾಚಿ, ಆಸ್ಪತ್ರೆಯ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಒರಗಿ ಕೂತೆ.